ಮಾರೀಚನ ಕೂಗು

(ಕಾರವಾರ ಮತ್ತು ಅಂಕೋಲೆಯ ಭಕ್ತವೃಂದದ ಸಮ್ಮುಖದಲ್ಲಿ ಅಂಕೋಲೆಯಲ್ಲಿ ದಯಪಾಲಿಸಿದ ಪ್ರವಚನ)



ಘಟ್ಟವನ್ನಿಳಿದು ಈ ಕಡಲ ಸೀಮೆಗೆ ಬಂದಾಗಲೆಲ್ಲ ರಾತ್ರಿಯ ಹೊತ್ತು ದೂರದಿಂದ ಚಂಡೆಯ ಸಪ್ಪಳ ನಮ್ಮ ಕಿವಿಗೆ ಬೀಳುತ್ತದೆ. ಗದ್ದೆಯ ಕೊಯ್ಲು ಮುಗಿದು ಬಯಲು ಬರಿದಾಯಿತೆಂದರೆ ಇಲ್ಲಿಯ ಜನಕ್ಕೆ ಆಟದ ಕಾಲ. ನಮ್ಮ ಕಡೆ ದೊಡ್ಡಾಟವಿರುವಂತೆ ನಿಮ್ಮ ಕಡೆ ಯಕ್ಷಗಾನ. ಮಠದವರಿಗೆ ಆಟ ನೋಟಗಳ ಮಾತೇಕೆ ಎಂದು ಕೆಲವರು ಕೇಳಬಹುದು. ಅಲ್ಲಮಪ್ರಭುಗಳು ಮದ್ದಳೆ ನುಡಿಸಿದರೆಂದು ಹೇಳುವ ಪರಂಪರೆ ನಮ್ಮದು. ಆದ್ದರಿಂದ ಚಂಡೆ ಮದ್ದಳೆಗಳ ಬಗೆಗೆ ನಮಗೆ ಅಸಡ್ಡೆಯಿಲ್ಲ.

ಆಟದಲ್ಲಿ ಮಕ್ಕಳು ಯಾವುದಕ್ಕೆ ಕಾಯುತ್ತಾರೆ? ರಾಮನಿಗಲ್ಲ, ಧರ್ಮರಾಯನಿಗಲ್ಲ. ಬಣ್ಣದ ವೇಷಕ್ಕೆ ಕಾಯುತ್ತಾರೆ. ತೆರೆಯ ಹಿಂದೆ ಕಿರೀಟದ ತುದಿ ಕಾಣುತ್ತದೆ, ದೀವಟಿಗೆಗೆ ರಾಳದ ಪುಡಿ ಎರಚಿದೊಡನೆ ಬೆಂಕಿ ಭುಗಿಲೆನ್ನುತ್ತದೆ, ಒಳಗಿನಿಂದ ಆರ್ಭಟ ಕೇಳುತ್ತದೆ. ನಿದ್ದೆಗೆ ವಾಲಿದ ಕೂಸು ಎದ್ದು ಕುಳಿತು ತಾಯಿಯ ಸೆರಗು ಹಿಡಿಯುತ್ತದೆ. ರಾಕ್ಷಸ ಬಂದನು. ಆ ಹೆದರಿಕೆಯಲ್ಲಿ ಒಂದು ಸಂತೋಷವೂ ಇದೆ. ಅದು ಯಾಕೆಂಬುದನ್ನು ಪಂಡಿತರು ರಸಶಾಸ್ತ್ರದಲ್ಲಿ ವಿವರಿಸಿದ್ದಾರೆ. ಅದು ಇಂದಿನ ವಿಷಯವಲ್ಲ.

ಇಂದಿನ ವಿಷಯ ದೊಡ್ಡ ರಾಕ್ಷಸನಲ್ಲ, ಅವನ ಕೈಕೆಳಗಿನ ರಾಕ್ಷಸ. ರಾವಣನ ಬಗ್ಗೆ ಮಾತನಾಡುವವರು ಬೇಕಾದಷ್ಟು ಜನರಿದ್ದಾರೆ. ಆದರೆ ರಾವಣನೊಬ್ಬನೇ ಲಂಕೆಯನ್ನು ನಡೆಸಲಿಲ್ಲ. ಬಾಗಿಲು ಕಾಯುವವರು, ಸುದ್ದಿ ತರುವವರು, ಆಯುಧ ಹೊರುವವರು, ಅಶೋಕವನದಲ್ಲಿ ಸೀತೆಯ ಸುತ್ತ ಕುಳಿತು ಹೆದರಿಸುವವರು, ಇವರೆಲ್ಲ ಇದ್ದರು. ಹತ್ತು ತಲೆ ಇಪ್ಪತ್ತು ತೋಳು ಎನ್ನುತ್ತೇವೆ. ಇಪ್ಪತ್ತು ತೋಳಿನಿಂದ ಒಂದು ರಾಜ್ಯದ ಪಾಪವನ್ನೆಲ್ಲ ಮಾಡಿ ಮುಗಿಸಲು ಸಾಧ್ಯವೇ? ಲಕ್ಷ ತೋಳು ಬೇಕು. ಆ ತೋಳುಗಳು ಯಾರವು ಎಂಬುದೇ ನಮ್ಮ ಪ್ರಶ್ನೆ.

ಅವರಲ್ಲಿ ಮಾರೀಚನನ್ನು ತೆಗೆದುಕೊಳ್ಳೋಣ. ಪಾರ್ತಿಸುಬ್ಬನ ಹೆಸರಿನಲ್ಲಿರುವ ಪಂಚವಟಿ ಪ್ರಸಂಗದಲ್ಲಿ ಅವನನ್ನು ನೀವು ನೋಡಿದ್ದೀರಿ. ಸ್ವಲ್ಪ ಹೊತ್ತು ಬಂದು ಹೋಗುವ ಪಾತ್ರ. ಆದರೆ ವಾಲ್ಮೀಕಿ ಮಹರ್ಷಿಗಳು ಅವನಿಗೆ ಅರಣ್ಯಕಾಂಡದಲ್ಲಿ ಅನೇಕ ಸರ್ಗಗಳನ್ನು ಕೊಟ್ಟಿದ್ದಾರೆ. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಆ ಭಾಗವನ್ನು ಬಹಳ ನಿಧಾನವಾಗಿ ಪಾಠ ಹೇಳುತ್ತಿದ್ದರು. ತಾಟಕಿಯ ಮಗ ಈ ಮಾರೀಚ. ವಿಶ್ವಾಮಿತ್ರರ ಯಜ್ಞವನ್ನು ಕೆಡಿಸಲು ಹೋಗಿ ಬಾಲಕ ರಾಮನ ಬಾಣದ ಹೊಡೆತಕ್ಕೆ ನೂರು ಯೋಜನ ದೂರದ ಸಮುದ್ರದಲ್ಲಿ ಬಿದ್ದವನು. ಮತ್ತೊಮ್ಮೆ ದಂಡಕಾರಣ್ಯದಲ್ಲಿ ಕೆಣಕಿ, ಜೊತೆಯವರಿಬ್ಬರನ್ನು ಕಳೆದುಕೊಂಡು, ಜೀವ ಉಳಿಸಿಕೊಂಡು ಓಡಿದವನು. ಆಮೇಲೆ ಅವನಿಗೆ ಬುದ್ಧಿ ಬಂತು. ಜಟೆ ಬಿಟ್ಟು, ಕೃಷ್ಣಾಜಿನ ಹೊದ್ದು, ಕಡಲಾಚೆಯ ದಡದಲ್ಲಿ ಆಶ್ರಮ ಕಟ್ಟಿಕೊಂಡು ತಪಸ್ಸಿಗೆ ಕುಳಿತನು. ರಕಾರದಿಂದ ಮೊದಲಾಗುವ ಮಾತು ಕೇಳಿದರೆ ಸಾಕು, ರತ್ನವೆಂದರೂ ರಥವೆಂದರೂ ನಡುಗುತ್ತಿದ್ದನಂತೆ. ಭಯದಿಂದ ಹುಟ್ಟಿದ ವೈರಾಗ್ಯ. ಆದರೂ ವೈರಾಗ್ಯವೇ.

ಅಂಥವನ ಆಶ್ರಮಕ್ಕೆ ರಾವಣನ ರಥ ಬಂದು ನಿಂತಿತು. ಚಿನ್ನದ ಜಿಂಕೆಯಾಗು, ರಾಮಲಕ್ಷ್ಮಣರನ್ನು ದೂರ ಒಯ್ಯಿ, ಮಿಕ್ಕದ್ದು ನನ್ನ ಕೆಲಸ ಎಂದನು. ಮಾರೀಚನು ಆಗ ಆಡಿದ ಮಾತುಗಳನ್ನು ಕೇಳಿದರೆ ರಾಜನೀತಿಯನ್ನು ಬಲ್ಲ ಮಂತ್ರಿಯೊಬ್ಬ ಮಾತನಾಡುತ್ತಿದ್ದಾನೆ ಎನ್ನಿಸುತ್ತದೆ. ಇದು ಅಧರ್ಮ, ಇದರಿಂದ ನಿನ್ನ ಕುಲವೆಲ್ಲ ನಾಶವಾಗುತ್ತದೆ, ನಿನಗೆ ಹೀಗೆ ಹೇಳಿಕೊಟ್ಟವನು ನಿನ್ನ ಶತ್ರು ಎಂದು ಮುಖಕ್ಕೆ ಹೊಡೆದಂತೆ ಹೇಳಿದನು. ಇಷ್ಟು ನಿಚ್ಚಳವಾಗಿ ಧರ್ಮವನ್ನು ಹೇಳಿದವರು ಆ ಕಾಂಡದಲ್ಲಿ ವಿರಳ. ರಾವಣನು ಮೊದಲು ಆಸೆ ತೋರಿಸಿದನು: ಅರ್ಧ ರಾಜ್ಯ ಕೊಡುತ್ತೇನೆ. ಆಮೇಲೆ ಖಡ್ಗ ತೋರಿಸಿದನು: ಆಗದೆಂದರೆ ಈಗಲೇ ಕೊಲ್ಲುತ್ತೇನೆ. ಮಾರೀಚ ಲೆಕ್ಕ ಹಾಕಿದನು. ಹೇಗೂ ಸಾವು ತಪ್ಪದು. ನಿನ್ನ ಕೈಯಲ್ಲಿ ಸಾಯುವುದಕ್ಕಿಂತ ರಾಮನ ಕೈಯಲ್ಲಿ ಸಾಯುವುದು ಲೇಸು ಎಂದು ರಥ ಹತ್ತಿದನು.

ಇಲ್ಲಿಯವರೆಗೆ ಅವನ ಮೇಲೆ ನಮಗೆ ಕನಿಕರ ಬರುತ್ತದೆ. ಆಟದಲ್ಲಿ ಒಳ್ಳೆಯ ಅರ್ಥಧಾರಿ ಸಿಕ್ಕರೆ ಈ ಕಡೆಯ ಜನ ಕಣ್ಣೊರೆಸಿಕೊಳ್ಳುತ್ತಾರೆ. ಯಕ್ಷಗಾನದ ಒಂದು ಕ್ರಮವನ್ನು ನೀವು ಬಲ್ಲಿರಿ. ಭಾಗವತರು ಹಾಡುವ ಪದ ಕಟ್ಟಿಟ್ಟದ್ದು, ಅದನ್ನು ಬದಲಿಸುವಂತಿಲ್ಲ. ಆದರೆ ಆ ಪದಕ್ಕೆ ವೇಷಧಾರಿ ಹೇಳುವ ಅರ್ಥ ಅವನ ಸ್ವಂತದ್ದು. ಬರೆದು ಕೊಟ್ಟ ಮಾತು ಅಲ್ಲ. ಒಂದು ರಾತ್ರಿಯ ಮಾರೀಚ ಅಳುತ್ತಾನೆ, ಇನ್ನೊಂದು ರಾತ್ರಿಯ ಮಾರೀಚ ರಾವಣನನ್ನು ಬೈಯುತ್ತಾನೆ, ಮತ್ತೊಂದು ರಾತ್ರಿ ರಾಮನ ಗುಣಗಾನ ಮಾಡುತ್ತಾನೆ. ಪದ ಮಾತ್ರ ಅದೇ. ಇದನ್ನು ಯೋಚಿಸಿದಾಗ ನಮಗೆ ಬಹಳ ಆಶ್ಚರ್ಯವಾಗುತ್ತದೆ. ಪಾತ್ರ ಬೇರೆಯವರು ಕೊಟ್ಟದ್ದಾದರೂ ಮಾತಿಗೆ ಅವನೇ ಹೊಣೆ.

ಈಗ ಕೊನೆಯ ಗಳಿಗೆಗೆ ಬನ್ನಿರಿ. ರಾಮನ ಬಾಣ ಜಿಂಕೆಯ ಎದೆಯನ್ನು ಸೀಳಿತು. ಮಾಯೆಯ ಮೈ ಕಳಚಿ ಬಿತ್ತು, ರಾಕ್ಷಸನ ಮೈ ಹೊರಬಂತು. ಪ್ರಾಣ ಹೋಗುತ್ತಿದೆ. ಆಗ ಅವನು ರಾಮನ ಧ್ವನಿಯಲ್ಲಿ, ಹಾ ಸೀತೆ, ಹಾ ಲಕ್ಷ್ಮಣ ಎಂದು ಕೂಗಿದನು. ಆ ಕೂಗಿನಿಂದಲೇ ಲಕ್ಷ್ಮಣ ಪರ್ಣಶಾಲೆ ಬಿಟ್ಟು ಹೊರಟದ್ದು. ಆ ಕೂಗಿನಿಂದಲೇ ಸೀತೆ ಒಂಟಿಯಾದದ್ದು.

ನಮ್ಮ ಗುರುಗಳು ಇಲ್ಲಿ ಪುಸ್ತಕ ಮುಚ್ಚಿ, ಆ ಕೂಗನ್ನು ಯಾರು ಕೂಗಿಸಿದರು, ಹೇಳಿರಿ ಎಂದು ಕೇಳುತ್ತಿದ್ದರು. ನಾವು ಹುಡುಗರು ರಾವಣನೆಂದು ಹೇಳುತ್ತಿದ್ದೆವು. ಅವರು ಒಪ್ಪುತ್ತಿರಲಿಲ್ಲ. ರಥ ಹತ್ತಿದ್ದು ಖಡ್ಗದ ಭಯದಿಂದ, ಒಪ್ಪೋಣ. ಜಿಂಕೆಯಾದದ್ದೂ ಭಯದಿಂದ, ಅದನ್ನೂ ಒಪ್ಪೋಣ. ಆದರೆ ಎದೆಯಲ್ಲಿ ಬಾಣ ನೆಟ್ಟ ಮೇಲೆ ರಾವಣನ ಭಯವೆಲ್ಲಿಂದ ಬಂತು? ಸಾಯುತ್ತಿರುವವನನ್ನು ಕೊಲ್ಲುತ್ತೇನೆಂದು ಯಾರು ಹೆದರಿಸಬಲ್ಲರು? ಆ ಕ್ಷಣದಲ್ಲಿ ಮಾರೀಚನು ಮೂರು ಲೋಕದಲ್ಲಿ ಯಾರಿಗೂ ಆಳಲ್ಲ. ಸುಮ್ಮನೆ ಸಾಯಬಹುದಾಗಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ವಂತ ಧ್ವನಿಯಲ್ಲಿ ಇದು ಮೋಸವೆಂದು ಕೂಗಬಹುದಾಗಿತ್ತು. ಅದೇ ಉಸಿರು, ಅದೇ ಶ್ರಮ. ರಾಮಾಯಣದ ಕಥೆಯೇ ಬೇರೆಯಾಗುತ್ತಿತ್ತು. ಅವನು ರಾವಣನ ಮಾತನ್ನು ನೆನೆದು, ಕೆಲಸವನ್ನು ಪೂರ್ತಿ ಮಾಡಿಯೇ ಸತ್ತನು.

ಭಯದ ಚಾಕರಿ ಹೀಗೆ ಇರುತ್ತದೆ. ಭಯ ಹೋದ ಮೇಲೂ ಚಾಕರಿ ಉಳಿಯುತ್ತದೆ. ಕೈಗೆ ಅಭ್ಯಾಸವಾಗಿ ಹೋಗಿರುತ್ತದೆ, ನಾಲಗೆಗೆ ಅಭ್ಯಾಸವಾಗಿ ಹೋಗಿರುತ್ತದೆ.

ಸಂಸ್ಕೃತದಲ್ಲಿ ಸೇವಕನಿಗೆ ಹಲವು ಶಬ್ದಗಳಿವೆ. ಭೃತ್ಯ ಎಂದರೆ ಪೋಷಣೆಗೆ ಒಳಗಾದವನು, ಒಡೆಯನ ಅನ್ನ ಉಣ್ಣುವವನು. ಇನ್ನೊಂದು ಶಬ್ದ ಕಿಂಕರ. ಕಿಂ ಕರೋಮಿ, ಏನು ಮಾಡಲಿ ಎಂದು ಒಡೆಯನ ಮುಖ ನೋಡಿ ಕೇಳುವವನು ಕಿಂಕರ. ಹನುಮಂತನು ಅಶೋಕವನವನ್ನು ಮುರಿದಾಗ ರಾವಣನು ಮೊದಲು ಕಳಿಸಿದ ಎಂಬತ್ತು ಸಾವಿರ ಸೈನಿಕರ ಹೆಸರೇ ಕಿಂಕರರು. ವಾಲ್ಮೀಕಿಗಳು ಅವರಲ್ಲಿ ಒಬ್ಬನಿಗೂ ಬೇರೆ ಹೆಸರು ಕೊಡಲಿಲ್ಲ. ಏನು ಮಾಡಲಿ ಎಂದು ಕೇಳಿದರು, ಹೋದರು, ಸತ್ತರು. ಯಮನ ಭಟರಿಗೂ ಯಮಕಿಂಕರರು ಎನ್ನುತ್ತೇವೆ. ವಿಚಿತ್ರವೆಂದರೆ ನಮ್ಮ ಶರಣರೂ ಈ ಶಬ್ದವನ್ನೇ ಆರಿಸಿಕೊಂಡರು. ಶಿವಕಿಂಕರ, ಜಂಗಮಕಿಂಕರ ಎನ್ನಿಸಿಕೊಳ್ಳುವುದು ಅವರಿಗೆ ಕಿರೀಟ ಇಟ್ಟಂತೆ ಇತ್ತು. ಶಬ್ದ ಒಂದೇ, ಪ್ರಶ್ನೆಯೂ ಒಂದೇ. ಯಾರನ್ನು ಕೇಳುತ್ತೀರಿ ಎಂಬುದಷ್ಟೇ ಬೇರೆ.

ಕುಂಭಕರ್ಣನ ಮಾತು ಬಂದರೆ ಈ ಸೀಮೆಯವರು ಅವನ ಪಕ್ಷ ವಹಿಸುತ್ತೀರಿ, ನಮಗೆ ಗೊತ್ತು. ಅವನು ಅಣ್ಣನನ್ನು ಸಭೆಯಲ್ಲಿಯೇ ತಪ್ಪೆಂದು ಹಳಿದು, ಆಮೇಲೆ ಅನ್ನದ ಋಣಕ್ಕಾಗಿ, ಒಡಹುಟ್ಟಿನ ಋಣಕ್ಕಾಗಿ ಯುದ್ಧಕ್ಕೆ ನಡೆದನು. ಮಾರೀಚನಿಗಿಂತ ದೊಡ್ಡವನು, ಸಂದೇಹವಿಲ್ಲ. ಆದರೆ ಅನ್ನದ ಋಣವನ್ನು ಒಡೆಯನ ಒಳ್ಳೆಯದಕ್ಕಾಗಿ ತೀರಿಸಬೇಕೇ ಹೊರತು ಅವನ ಕೇಡಿಗಾಗಿ ಅಲ್ಲ. ವಿಭೀಷಣನೂ ಅದೇ ಅನ್ನ ಉಂಡಿದ್ದನು. ತುಂಬಿದ ಸಭೆಯಲ್ಲಿ ಹೇಳಬೇಕಾದ್ದನ್ನು ಹೇಳಿ, ಬೈಗಳನ್ನು ತಿಂದು, ನಾಲ್ವರನ್ನು ಕೂಡಿಕೊಂಡು ಹಾಡುಹಗಲಿನಲ್ಲಿ ಎಲ್ಲರಿಗೂ ಕಾಣುವಂತೆ ಹೊರಟನು. ಕದ್ದು ಓಡಲಿಲ್ಲ. ಆದರೂ ಲೋಕ ಅವನನ್ನು ಮನೆಮುರುಕನೆಂದೇ ಕರೆಯಿತು. ಮಕ್ಕಳಿಗೆ ರಾಮನ ಹೆಸರಿಡುತ್ತೀರಿ, ಲಕ್ಷ್ಮಣನ ಹೆಸರಿಡುತ್ತೀರಿ. ಒಬ್ಬನಾದರೂ ವಿಭೀಷಣಪ್ಪ ಈ ಸಭೆಯಲ್ಲಿ ಇದ್ದಾನೆಯೇ? (ನಗು.) ಸರಿಯಾದದ್ದನ್ನು ಮಾಡಿದವನಿಗೆ ನಾವು ಕೊಡುವ ಮರ್ಯಾದೆ ಇಷ್ಟು. ಈ ಮಾತಿಗೆ ಮತ್ತೆ ಬರುತ್ತೇವೆ.

ಇಲ್ಲಿ ಬುದ್ಧಿವಂತರು ಒಂದು ಆಕ್ಷೇಪ ಎತ್ತುತ್ತಾರೆ. ಸ್ವಾಮಿಗಳೇ, ಎಲ್ಲವೂ ದೇವರ ಆಟವಲ್ಲವೇ? ರಾಕ್ಷಸರೂ ಅವನ ಆಳುಗಳೇ ಅಲ್ಲವೇ? ಕಾರವಾರದ ಎದುರಿಗೆ ಸಮುದ್ರದ ನಡುವೆ ಕೂರ್ಮಗಡದಲ್ಲಿ ನರಸಿಂಹನಿದ್ದಾನೆ. ಪುಷ್ಯಮಾಸದ ಹುಣ್ಣಿಮೆಗೆ ನೀವೆಲ್ಲ ದೋಣಿಯಲ್ಲಿ ಜಾತ್ರೆಗೆ ಹೋಗುತ್ತೀರಿ. ಆ ನರಸಿಂಹನು ಸೀಳಿದ ಹಿರಣ್ಯಕಶಿಪು ಯಾರು? ವೈಕುಂಠದ ಬಾಗಿಲು ಕಾಯುವ ಜಯ ವಿಜಯರಲ್ಲಿ ಒಬ್ಬನೆಂದು ಭಾಗವತ ಹೇಳುತ್ತದೆ. ಅವರಿಬ್ಬರೇ ಮತ್ತೆ ರಾವಣ ಕುಂಭಕರ್ಣರಾಗಿ, ಶಿಶುಪಾಲ ದಂತವಕ್ತ್ರರಾಗಿ ಹುಟ್ಟಿದರೆಂದೂ ಹೇಳುತ್ತದೆ. ಹಾಗಾದರೆ ಮಾರೀಚನ ಒಡೆಯನೇ ದೇವರ ಬಾಗಿಲಿನ ಆಳು. ತಪ್ಪು ಯಾರದು?

ಪ್ರಶ್ನೆ ಚೆನ್ನಾಗಿದೆ. ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಿಮ್ಮ ಜಿಲ್ಲೆಯ ಬನವಾಸಿಗೆ ಹೋದರೆ ಸಾಕು. ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 15ನೆಯ ಶತಮಾನದಲ್ಲಿ, ಚಾಮರಸ ಕವಿಯು ಭಾಮಿನೀ ಷಟ್ಪದಿಯಲ್ಲಿ 25 ಗತಿಗಳ ಪ್ರಭುಲಿಂಗಲೀಲೆಯನ್ನು ಬರೆದನು. ಅದರಲ್ಲಿ ಕೈಲಾಸದಲ್ಲಿ ಶಿವಪಾರ್ವತಿಯರಿಗೆ ಮಾತು ಬೆಳೆಯುತ್ತದೆ. ಅಲ್ಲಮನನ್ನು ಮರುಳುಮಾಡುವವರಿಲ್ಲವೆಂದು ಶಿವನು, ನನ್ನ ಮಾಯೆಗೆ ಅಸಾಧ್ಯವೇನಿದೆಯೆಂದು ದೇವಿ. ದೇವಿಯು ತನ್ನ ತಾಮಸ ಕಳೆಯನ್ನೇ ಭೂಲೋಕಕ್ಕೆ ಕಳಿಸುತ್ತಾಳೆ. ಅದು ಬನವಾಸಿಯಲ್ಲಿ ಮಮಕಾರನೆಂಬ ಅರಸನಿಗೂ ಮೋಹಿನಿಗೂ ಮಗಳಾಗಿ ಹುಟ್ಟುತ್ತದೆ. ಕವಿಯು ಇಟ್ಟ ಹೆಸರುಗಳನ್ನು ಗಮನಿಸಿರಿ. ನನ್ನದು ಎಂಬುದು ತಂದೆ, ಮರುಳು ತಾಯಿ, ಮಾಯೆ ಮಗಳು. ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ನುಡಿಸುವ ಅಲ್ಲಮನನ್ನು ಆ ಮಾಯೆ ಕಾಣುತ್ತಾಳೆ.

ಮಾಯೆ ತಾನಾಗಿ ಬಂದವಳಲ್ಲ, ನಿಯೋಗದ ಮೇಲೆ ಬಂದವಳು. ಮಾರೀಚನಂತೆ ಅವಳಿಗೂ ಕೊಟ್ಟ ಕೆಲಸ ಒಂದೇ: ಒಬ್ಬನನ್ನು ಸೆಳೆದು ದಾರಿ ತಪ್ಪಿಸುವುದು. ಆದರೆ ಕವಿ ಒಂದು ಸೂಕ್ಷ್ಮವನ್ನು ಕಂಡನು. ಮರುಳುಮಾಡಲು ಬಂದವಳೇ ಮರುಳಾದಳು. ಪ್ರಭುಗಳನ್ನು ಹಿಡಿಯಹೋದಳು, ಅವರು ಕೈಗೆ ಸಿಕ್ಕಲಿಲ್ಲ. ಒಡತಿಯ ಕೆಲಸವನ್ನೂ ಮರೆತು ತನ್ನ ತಾಪದಲ್ಲಿ ತಾನು ಬೆಂದಳು. ಪ್ರಭುಗಳು ಅವಳನ್ನು ಕೊಲ್ಲಲಿಲ್ಲ. ಅವಳ ಎದುರಿಗೇ ಮದ್ದಳೆ ನುಡಿಸಿದರು, ಸಿಕ್ಕದೆ ಹೋದರು. ಅವಳನ್ನು ಕಳಿಸಿದವರ ಉದ್ದೇಶವಾದರೂ ಅವರಿಂದಲೇ ಈಡೇರಿತು. ಒರೆಗಲ್ಲು ಇಲ್ಲದಿದ್ದರೆ ಚಿನ್ನದ ಬಣ್ಣ ಯಾರಿಗೆ ಗೊತ್ತಾಗುತ್ತಿತ್ತು?

ಆದ್ದರಿಂದ ಆಕ್ಷೇಪಕ್ಕೆ ಉತ್ತರವಿದು. ದೇವರು ಮಾಯೆಯನ್ನು ಕಳಿಸಿರಬಹುದು, ರಾಕ್ಷಸನನ್ನೂ ಕಳಿಸಿರಬಹುದು. ಅದು ಅವನ ಲೆಕ್ಕ. ಅವನ ಲೆಕ್ಕದ ಪುಸ್ತಕ ತೆಗೆದು ನಮ್ಮ ಖರ್ಚನ್ನು ಅದರಲ್ಲಿ ಬರೆಯುವ ಹಕ್ಕು ನಮಗಿಲ್ಲ. ಮಾಯೆ ಬಂದಳೆಂದು ಅಲ್ಲಮರು ಕೈಲಾಸದ ಮೇಲೆ ದೂರು ಹೇಳಲಿಲ್ಲ. ಹೊರಗೆ ಕಂಡ ವಸ್ತುವಿನ ಮೇಲೂ ತಪ್ಪು ಹೊರಿಸಲಿಲ್ಲ. ನಮ್ಮೊಳಗಿನ ಬಯಕೆಯಲ್ಲೇ ಮಾಯೆಯ ಮನೆಯಿದೆ ಎಂಬುದು ಅವರ ನಿಲುವು. ಚಿನ್ನದ ಜಿಂಕೆ ಕಾಡಿನಲ್ಲಿ ಕುಣಿದಾಗ ಋಷಿಗಳ ಆಶ್ರಮಗಳೂ ಅಲ್ಲಿದ್ದವು. ಅವರ್ಯಾರೂ ಬಿಲ್ಲು ತೆಗೆಯಲಿಲ್ಲ.

ಬನವಾಸಿಯಿಂದ ಈಗ ಗೋಕರ್ಣಕ್ಕೆ ಬರೋಣ. ನಿಮ್ಮ ಪಕ್ಕದ ಕ್ಷೇತ್ರ, ಕಥೆ ಮನೆಮನೆಯಲ್ಲಿದೆ. ರಾವಣನು ತಪಸ್ಸು ಮಾಡಿ ಶಿವನಿಂದ ಆತ್ಮಲಿಂಗವನ್ನು ಪಡೆದನು. ಲಂಕೆಗೆ ಮುಟ್ಟುವವರೆಗೆ ನೆಲಕ್ಕಿಡಬಾರದೆಂಬ ಕಟ್ಟಳೆ. ಸಂಜೆಯ ಸಂಧ್ಯಾವಂದನೆಯ ಹೊತ್ತಿಗೆ ಗಣಪತಿಯು ವಟುವಾಗಿ ಬಂದು, ಲಿಂಗವನ್ನು ಕೈಗೆ ತೆಗೆದುಕೊಂಡು, ಮೂರು ಸಲ ಕೂಗಿ ನೆಲಕ್ಕಿಟ್ಟನು. ರಾವಣನು ಕಿತ್ತು ಕಿತ್ತು ಸೋತನು. ಅವನು ಸಿಟ್ಟಿನಿಂದ ಎಸೆದ ಸಂಪುಟ, ವಸ್ತ್ರ, ದಾರಗಳು ಬಿದ್ದ ಕಡೆಗಳಲ್ಲಿ ಧಾರೇಶ್ವರ, ಗುಣವಂತೇಶ್ವರ, ಮುರುಡೇಶ್ವರ, ಕಾರವಾರದ ಶೇಜವಾಡದಲ್ಲಿ ಶೆಜ್ಜೇಶ್ವರ ನೆಲೆಯಾದರೆಂದು ಸ್ಥಳಪುರಾಣ. ಇದನ್ನು ಕೇಳಿದಾಗ ಲಿಂಗವಂತರಾದ ನಾವು ಒಂದು ಕ್ಷಣ ನಿಲ್ಲಬೇಕು. ರಾವಣನ ಕೈಯಲ್ಲೂ ಲಿಂಗವಿತ್ತು! ನಮ್ಮ ಕೈಯಲ್ಲೂ ಲಿಂಗವಿದೆ. ಅವನಿಗೂ ನೆಲಕ್ಕಿಡಬಾರದೆಂಬ ಕಟ್ಟಳೆ, ನಮಗೂ ಅಂಗದಿಂದ ಅಗಲಿಸಬಾರದೆಂಬ ಕಟ್ಟಳೆ. ವ್ಯತ್ಯಾಸವೇನು?

ರಾವಣನಿಗೆ ಭಕ್ತಿ ಕಡಿಮೆಯಿತ್ತೆಂದು ನಾವು ಹೇಳುವುದಿಲ್ಲ. ಅವನಷ್ಟು ಉಗ್ರವಾದ ಭಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ? ಆದರೆ ಅವನಿಗೆ ಶಿವ ಬೇಕಾದದ್ದು ಲಂಕೆಗಾಗಿ. ಕೋಟೆಗೆ ಇನ್ನೊಂದು ಬಾಗಿಲಿನಂತೆ, ಭಂಡಾರಕ್ಕೆ ಇನ್ನೊಂದು ರತ್ನದಂತೆ. ಅವನು ಶಿವನಿಗೆ ಕಿಂಕರನಾಗಲಿಲ್ಲ, ಶಿವನನ್ನು ಕಿಂಕರನಾಗಿ ಮಾಡಿಕೊಳ್ಳಹೊರಟನು. ಬೆಳಿಗ್ಗೆ ಇಷ್ಟಲಿಂಗಕ್ಕೆ ಭಸ್ಮ ಬಿಲ್ವಗಳನ್ನರ್ಪಿಸಿ, ಇಂದಿನ ಟೆಂಡರು ನನಗೇ ಸಿಗಲಿ ಎನ್ನುವವನು ಲಿಂಗವನ್ನು ಆಗಲೇ ನೆಲಕ್ಕಿಟ್ಟಾಯಿತು. ಗಣಪತಿ ಬರುವ ಅಗತ್ಯವಿಲ್ಲ.

ಇಷ್ಟೆಲ್ಲ ಹೇಳಲು ಕಾರಣವಿದೆ. ಈ ಸಭೆಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ಘಟ್ಟದ ಮೇಲಿನಿಂದ ನೌಕರಿಗಾಗಿ ಇಳಿದು ಬಂದವರು. ಕಾರವಾರದ ಕಚೇರಿಗಳಲ್ಲಿ, ಕೈಗಾದ ಅಣುವಿದ್ಯುತ್ ಕೇಂದ್ರದಲ್ಲಿ, ನೌಕಾನೆಲೆಯ ಕೆಲಸಗಳಲ್ಲಿ, ಶಾಲೆ ಬ್ಯಾಂಕುಗಳಲ್ಲಿ ಇರುವವರು. ಎಲ್ಲರಿಗೂ ಒಬ್ಬ ಮೇಲಿನವನಿದ್ದಾನೆ, ಅವನಿಗೊಬ್ಬ ಮೇಲಿನವನಿದ್ದಾನೆ. ಕಿಂ ಕರೋಮಿ ಎಂದು ದಿನಕ್ಕೆ ಹತ್ತು ಸಲ ಕೇಳುವ ಬದುಕು ನಿಮ್ಮದು. ಅದರಲ್ಲಿ ಅವಮಾನವೇನೂ ಇಲ್ಲ. ಬಸವಣ್ಣನವರೂ ಬಿಜ್ಜಳನ ಭಂಡಾರದ ನೌಕರರಾಗಿದ್ದವರೇ. ಭಂಡಾರದ ಹಣ ಜಂಗಮದಾಸೋಹಕ್ಕೆ ಹೋಗುತ್ತಿದೆಯೆಂದು ಅರಸನ ಕಿವಿಗೆ ಚಾಡಿ ಹೋದಾಗ, ಲೆಕ್ಕ ಮಾಡಿಸಿ ನೋಡಿರೆಂದರು; ಒಂದು ಕಾಸೂ ಕಡಿಮೆಯಿರಲಿಲ್ಲವೆಂದು ನಮ್ಮ ಪುರಾಣಗಳು ಹೇಳುತ್ತವೆ. ಹರಳಯ್ಯ ಮಧುವರಸರಿಗೆ ಅರಸನು ಘೋರಶಿಕ್ಷೆ ವಿಧಿಸುವ ಕಾಲ ಬಂದಾಗ, ಅದೇ ನೌಕರಿಯನ್ನು ಬಿಟ್ಟು ಕಲ್ಯಾಣದಿಂದ ಹೊರಟರು. ಇದ್ದಷ್ಟು ದಿನ ಲೆಕ್ಕ ಚೊಕ್ಕ, ಇರಬಾರದೆಂದ ದಿನ ಕಾಲು ಹೊರಗೆ.

ಈ ಅಂಕೋಲೆ ತಾಲೂಕಿನ ಬೇಲೇಕೇರಿ ಬಂದರನ್ನು ನೀವು ಮರೆತಿರಲಾರಿರಿ. ಬಳ್ಳಾರಿಯ ಅದಿರನ್ನು ಹೊತ್ತ ಲಾರಿಗಳು ಯಲ್ಲಾಪುರದ ಮೇಲಿಂದ ಅರಬೈಲು ಘಟ್ಟ ಇಳಿದು ಹಗಲೂ ರಾತ್ರಿ ಬರುತ್ತಿದ್ದ ಕಾಲದಲ್ಲಿ ನಾವೂ ಆ ದಾರಿಯಲ್ಲಿ ಸಂಚರಿಸಿದ್ದೇವೆ. ರಸ್ತೆಯ ಬದಿಯ ಗಿಡದ ಎಲೆಗಳೆಲ್ಲ ಕೆಂಪಾಗಿದ್ದವು. 2010ರಲ್ಲಿ ಅರಣ್ಯ ಇಲಾಖೆ ಆ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ನು ಅದಿರು, ಜಪ್ತಿಯಲ್ಲಿ ಇದ್ದಂತೆಯೇ ಹಡಗು ಹತ್ತಿ ಹೋಯಿತು. ಪತ್ರಿಕೆಯವರು ಅದಿರು ಮಾಯ ಎಂದು ಬರೆದರು. ಬನವಾಸಿಯ ಮಾಯೆಗೆ ಇಷ್ಟು ಶಕ್ತಿಯಿರಲಿಲ್ಲ! ಜಪ್ತಿ ಮಾಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಹೊರಟಾಗ, ಆಗಿನ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಜೂನ್ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಹಿರಿಯರ ಒತ್ತಾಯಕ್ಕೆ ಅದನ್ನು ಹಿಂದಕ್ಕೆ ಪಡೆದು 2011ರಲ್ಲಿ ಗಣಿಗಾರಿಕೆಯ ವರದಿಯನ್ನು ಒಪ್ಪಿಸಿದರು. ಯಾರು ಅಪರಾಧಿ ಎಂಬುದು ನ್ಯಾಯಾಲಯದ ಮಾತು, ಅದು ನಮ್ಮ ಪೀಠದ ಮಾತಲ್ಲ. ನಾವು ಕೇಳುವುದು ಬೇರೆ. ಅಷ್ಟು ಅದಿರು ತಾನಾಗಿ ನಡೆದು ಹಡಗು ಹತ್ತಲಿಲ್ಲ. ಯಾರೋ ತೂಗಿದರು, ಯಾರೋ ಚೀಟಿ ಬರೆದರು, ಯಾರೋ ಗೇಟು ತೆಗೆದರು, ಯಾರೋ ಆ ಹೊತ್ತು ಬೇರೆ ಕಡೆ ನೋಡಿದರು. ಅವರಲ್ಲಿ ಹೆಚ್ಚಿನವರು ರಾಕ್ಷಸರಲ್ಲ. ಮನೆಯಲ್ಲಿ ದೀಪ ಹಚ್ಚಿ ಕೈಮುಗಿಯುವವರೇ ಇದ್ದಿರಬೇಕು.

ನಮ್ಮ ಭಕ್ತರೊಬ್ಬರು ಒಂದು ದಿನ ರಾತ್ರಿ ಬಹಳ ಹೊತ್ತಾದ ಮೇಲೆ ಮಠಕ್ಕೆ ಬಂದರು. ಅವರ ಹೆಸರು, ಊರು, ಕಚೇರಿ ಯಾವುದನ್ನೂ ನಾವು ಹೇಳುವುದಿಲ್ಲ. ಒಂದು ಹಳ್ಳಕ್ಕೆ ಕಾಲುಸಂಕ ಕಟ್ಟಬೇಕಾಗಿತ್ತಂತೆ. ಮಳೆಗಾಲದಲ್ಲಿ ಆ ಹಳ್ಳ ದಾಟದೆ ಶಾಲೆಯ ಮಕ್ಕಳಿಗೆ ದಾರಿಯಿಲ್ಲ. ಕಟ್ಟಿಲ್ಲ. ಆದರೆ ಕಟ್ಟಿದೆಯೆಂದು ಅಳತೆ ಪುಸ್ತಕದಲ್ಲಿ ಇವರು ಬರೆದು ಸಹಿ ಹಾಕಬೇಕು, ಬಿಲ್ಲು ಪಾಸಾಗಬೇಕು.

“ಅಪ್ಪಾರ, ನಾ ಏನ್ ಮಾಡ್ಲಿ? ಮ್ಯಾಲಿನವ್ರು ಹೇಳ್ಯಾರ. ನಾ ಬರೀದಿದ್ರ ನಾಳೆ ಇನ್ನೊಬ್ಬ ಬರೀತಾನ” ಎಂದರು.

ನಾ ಏನ್ ಮಾಡ್ಲಿ. ಕಿಂ ಕರೋಮಿ. ಸಂಸ್ಕೃತದ ಶಬ್ದ ಧಾರವಾಡದ ಮಾತಿನಲ್ಲಿ ನಮ್ಮ ಎದುರಿಗೆ ಕುಳಿತಿತ್ತು. ನಾವು ಕೇಳಿದೆವು: “ತಮ್ಮಾ, ಈ ಪ್ರಶ್ನೆಯನ್ನು ಮೊದಲು ಅವರನ್ನು ಕೇಳಿದೆ, ಅವರು ಉತ್ತರ ಕೊಟ್ಟರು. ಈಗ ಮಠಕ್ಕೆ ಬಂದು ನಮ್ಮನ್ನು ಯಾಕೆ ಕೇಳುತ್ತೀ?”

ಅವರು ಬಹಳ ಹೊತ್ತು ಸುಮ್ಮನಿದ್ದು, “ಅವ್ರು ಕೊಟ್ಟ ಉತ್ರ ಹೊಟ್ಟ್ಯಾಗ ಇಳೀವಲ್ದ್ರಿ” ಎಂದರು.

ಅಪ್ಪಣೆಯನ್ನು ಬರವಣಿಗೆಯಲ್ಲಿ ಕೊಡಿರೆಂದು ಕೇಳು ಎಂದು ಹೇಳಿದೆವು. ಬಾಯಿಮಾತಿನಲ್ಲಿ ಗಟ್ಟಿಯಾಗಿರುವ ಅಪ್ಪಣೆ ಕಾಗದದ ಮೇಲೆ ಬರಲು ಬಹಳ ಹೆದರುತ್ತದೆ, ಇದು ನಾವು ಕಂಡ ಮಾತು. ಸ್ಥಳಕ್ಕೆ ಹೋಗಿ ನೋಡಿ, ಇದ್ದದ್ದನ್ನು ಇದ್ದಂತೆ ಬರೆ ಎಂದೂ ಹೇಳಿದೆವು. ಅದು ನಮಗೆ ಹೇಳಲು ಸುಲಭ, ಅದೂ ನಮಗೆ ಗೊತ್ತು. ಪೀಠದ ಮೇಲೆ ಕುಳಿತವನಿಗೆ ವರ್ಗಾವಣೆಯಿಲ್ಲ, ಸಂಬಳ ಕಡಿತವಿಲ್ಲ. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರ ಜೊತೆಗ ಬಂದ ಮನೆಯವರು ಹೇಳಿದರು: “ಇವ್ರನ್ನ ಬ್ಯಾರೆ ಊರಿಗೆ ಹಾಕಿದ್ರ ಮಗಳ ಸಾಲಿ ಗತಿ ಏನ್ರಿ ಅಪ್ಪಾರ? ಈ ವರ್ಷ ಹತ್ತನೇತ್ತ.”

ಆ ತಾಯಿಯ ಪ್ರಶ್ನೆ ನಮ್ಮನ್ನು ಮತ್ತೆ ಮಾರೀಚನಲ್ಲಿಗೆ ಒಯ್ದಿತು. ಮಾರೀಚ ಇಲ್ಲವೆಂದಿದ್ದರೆ ಹೋಗುವುದೆಲ್ಲಿಗೆ? ಆಶ್ರಮದಲ್ಲಿ ಒಂಟಿಯಾಗಿದ್ದನು. ಹಿಂದೆ ಯಾರೂ ಇರಲಿಲ್ಲ, ಪಕ್ಕದಲ್ಲಿ ಯಾರೂ ಇರಲಿಲ್ಲ. ವಿಭೀಷಣನ ಸಂಗಡ ನಾಲ್ವರು ಇದ್ದರು; ಕಡಲಿನ ಈಚೆ ದಡದಲ್ಲಿ ಶರಣು ಬಂದವನನ್ನು ಬಿಡೆನೆನ್ನುವ ರಾಮನಿದ್ದನು. ಸುಗ್ರೀವನೇ ಇವನನ್ನು ನಂಬಬೇಡ ಎಂದರೂ ಒಳಗೆ ಕರೆದುಕೊಂಡನು. ಇಬ್ಬರಿಗೂ ಧರ್ಮ ಗೊತ್ತಿತ್ತು. ಒಬ್ಬನಿಗೆ ಹೋಗಲು ಮನೆಯಿತ್ತು, ಒಬ್ಬನಿಗಿರಲಿಲ್ಲ. ಮಾರೀಚನ ತಪ್ಪನ್ನು ಇದು ತೊಳೆಯುವುದಿಲ್ಲ, ಆ ಕೊನೆಯ ಕೂಗಂತೂ ಅವನದೇ. ಆದರೆ ಅವನನ್ನು ಒಂಟಿಯಾಗಿ ಬಿಟ್ಟವರಿಗೂ ಆ ಪಾಪದಲ್ಲಿ ಪಾಲಿದೆ.

ಇದನ್ನು ನಿಮ್ಮ ಅಂಕೋಲೆಯ ನೆಲದಲ್ಲಿ ನಿಂತು ನಿಮಗೇ ಹೇಳುವುದು ಗುಡಿಯ ಮುಂದೆ ಗಂಟೆಯ ಬಗ್ಗೆ ಹೇಳಿದಂತೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಅದರ ಹಿಂದೆಯೇ ಕರನಿರಾಕರಣೆ ಬಂತು. ಸರಕಾರವೆಂದರೆ ಅಂದು ಸೂರ್ಯ ಮುಳುಗದ ಸರಕಾರ. ತೀರ್ವೆ ಕೊಡುವುದಿಲ್ಲವೆಂದ ರೈತರ ಗದ್ದೆ ಹೋಯಿತು, ದನ ಹೋಯಿತು, ಅಡಿಗೆಯ ಪಾತ್ರೆ ಹೋಯಿತು, ಗಂಡಸರು ಜೈಲಿಗೆ ಹೋದರು. ಓದು ಬಾರದ ನಾಡವರ ಹೆಂಗಸರು, ಕೂಲಿಯವರು ಅಲುಗಲಿಲ್ಲ. ಕರ್ನಾಟಕದ ಬಾರ್ಡೋಲಿ ಎಂಬ ಬಿರುದು ಈ ತಾಲೂಕಿಗೆ ಬಂದದ್ದು ಹಾಗೆ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಹೋದ ಜಮೀನುಗಳನ್ನು ಹಿಂದಿರುಗಿಸುವ ಕೆಲಸ ನಡೆಯಿತು. ನಡುವಿನ ವರ್ಷಗಳಲ್ಲಿ ಅವರು ಏನು ಉಂಡರು, ಎಲ್ಲಿ ಮಲಗಿದರು ಎಂದು ನಾವು ಈ ಕಡೆಯ ಹಿರಿಯರನ್ನು ವಿಚಾರಿಸಿದ್ದುಂಟು. ಒಬ್ಬ ಮುದುಕರು ತಮ್ಮ ತಾಯಿ ಹೇಳುತ್ತಿದ್ದುದನ್ನು ನೆನೆದು, ಒಂದು ಗಡಿಗೆಯ ಗಂಜಿಯನ್ನು ಮೂರು ಮನೆಗೆ ಹಂಚುತ್ತಿದ್ದರು ಎಂದರು. ಬೇರೆ ಯಾವ ವಿವರಣೆಯನ್ನೂ ಕೊಡಲಿಲ್ಲ.

ನಾವು ಆ ತಾಯಿಗೆ, ನಿಮ್ಮ ಮಗಳು ಹತ್ತನೆಯ ತರಗತಿ ಮುಗಿಸುವವರೆಗೆ ಅವಳ ಊಟ ವಸತಿಯ ಹೊಣೆ ಮಠದ್ದು ಎಂದು ಹೇಳಿದೆವು. ದಾಸೋಹವೆಂದರೆ ಜಾತ್ರೆಯ ದಿನ ಹತ್ತು ಸಾವಿರ ಜನಕ್ಕೆ ಹುಗ್ಗಿ ಬಡಿಸುವುದು ಮಾತ್ರವೆಂದು ನಾವು ತಿಳಿದುಕೊಂಡಿದ್ದೇವೆ. ಬೇಡವೆಂದು ಹೇಳಿ ಬಂದವನ ಮಕ್ಕಳಿಗೆ ಬಡಿಸುವುದೂ ದಾಸೋಹವೇ. ಊರಿನವರು ಅವನನ್ನು ಬದುಕಲು ಬಾರದವನು ಎಂದು ನಗುವ ಬದಲು ಅವನ ಮನೆಯ ಬಾಗಿಲಿಗೆ ಹೋಗಿ ಕುಳಿತುಕೊಂಡರೆ, ಅಷ್ಟಕ್ಕೇ ರಾವಣನ ಖಡ್ಗ ಅರ್ಧ ಮೊಂಡಾಗುತ್ತದೆ. ಮಕ್ಕಳಿಗೆ ವಿಭೀಷಣನ ಹೆಸರು ಇಡಿರೆಂದು ನಾವು ಹೇಳುವುದಿಲ್ಲ. ಅವನಿಗೆ ಮನೆಯ ಜಗಲಿಯಲ್ಲಿ ಜಾಗ ಕೊಡಿರಿ.

ಅವರು ಅಳತೆ ಪುಸ್ತಕದಲ್ಲಿ ಬರೆಯಲಿಲ್ಲ. ಸ್ಥಳದಲ್ಲಿ ಕಾಮಗಾರಿ ಕಾಣಲಿಲ್ಲವೆಂದು ಒಂದು ಸಾಲು ಬರೆದು ದಿನಾಂಕ ಹಾಕಿ ಕೊಟ್ಟರು. ಎರಡು ತಿಂಗಳಲ್ಲಿ ವರ್ಗವಾಯಿತು, ಬಹಳ ದೂರಕ್ಕೆ. ಹುಡುಗಿಯನ್ನು ಮಠದ ವಸತಿಗೆ ಕರೆತರುವ ಮೊದಲೇ ಈ ಸಭೆಯಲ್ಲಿ ಕುಳಿತ ಒಬ್ಬ ತಾಯಿ ಬಂದು, ಇದ್ದ ಶಾಲೆಯನ್ನು ಬಿಡಿಸಬೇಡಿರಿ, ನಮ್ಮ ಮನೆಯಲ್ಲಿ ಇರಲಿ ಎಂದು ಕರೆದುಕೊಂಡು ಹೋದರು. ಅವರ ಹೆಸರನ್ನೂ ನಾವು ಹೇಳುವುದಿಲ್ಲ. ಹೇಳಿದರೆ ನಮ್ಮ ಮೇಲೆ ಸಿಟ್ಟಾಗುತ್ತಾರೆ. ಆ ಹುಡುಗಿ ಮಾರ್ಚಿನಲ್ಲಿ ಪರೀಕ್ಷೆ ಬರೆಯುತ್ತಾಳೆ.

ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಇನ್ನಿಬ್ಬರು ನಮ್ಮಲ್ಲಿಗೆ ಬಂದು ಹೋಗಿದ್ದಾರೆ. ಒಬ್ಬರದು ಕಾರವಾರ, ಇಬ್ಬರು ಚಿಕ್ಕ ಮಕ್ಕಳು. ಇನ್ನೊಬ್ಬರಿಗೆ ಹಾಸಿಗೆ ಹಿಡಿದ ತಂದೆಯಿದ್ದಾರೆ, ಅವರಿಗೆ ಔಷಧದ ಖರ್ಚು ಬಹಳ. ಮನೆಯಲ್ಲಿ ಒಂದು ಕೋಣೆ ಕೊಡಬಲ್ಲವರು, ತಿಂಗಳಿಗೆ ಇಷ್ಟು ಅಕ್ಕಿ ಎಂದು ಹೊರಬಲ್ಲವರು, ವಕೀಲಿ ವೃತ್ತಿಯಲ್ಲಿದ್ದು ಕಾಗದ ಪತ್ರ ನೋಡಿಕೊಡಬಲ್ಲವರು ಪ್ರಸಾದವಾದ ಮೇಲೆ ಹೋಗಿಬಿಡದೆ ನಮ್ಮನ್ನು ಕಂಡು ಹೋಗಿರಿ. ಹೆಸರು ಬರೆದುಕೊಳ್ಳಲು ನಾವೇ ಕುಳಿತಿರುತ್ತೇವೆ.